ಕಿಡಿ ಬಾರದ ಬೈಕು

"ರೇಸ್‌ಗೆ ಇನ್ನು ಹತ್ತೇ ನಿಮಿಷ, ಬೇಗ ನೋಡಪ್ಪ!" ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಂಜರಾಜಯ್ಯ ಮೆಕ್ಯಾನಿಕ್‌ನ ಸುತ್ತಲೇ ಸುತ್ತುತ್ತಿದ್ದರು. ಎಷ್ಟು ಕಿಕ್ ಹೊಡೆದರೂ ನಲವತ್ತು ವರ್ಷದ ಡರ್ಟ್ ಬೈಕ್ ಸ್ಟಾರ್ಟ್ ಆಗಿರಲಿಲ್ಲ.

"ಭಾನುವಾರ ನನ್ನ ಮದುವೆ ಅಪ್ಪಾ. ನೀವು ಬಿದ್ದು ಕಾಲು ಮುರ್ಕೊಂಡ್ರೆ ಧಾರೆ ಎರೆಯೋರು ಯಾರು?" ಎಂದಳು ಮಗಳು.

"ಸುಮ್ನಿರಮ್ಮ, ಹಳೇ ಸ್ನೇಹಿತರೆಲ್ಲ ನೋಡ್ತಿದ್ದಾರೆ."

ಪ್ಲಗ್ ಬದಲಾಯಿಸಿದರೂ ಕಿಡಿ ಬರಲಿಲ್ಲ. ಮೆಕ್ಯಾನಿಕ್ ಪಕ್ಕದ ಮುಚ್ಚಳ ಬಿಚ್ಚಿದ. ಕಿಡಿ ಹುಟ್ಟಿಸುವ ಪಾಯಿಂಟುಗಳ ನಡುವೆ ಕಾಗದದ ಚೂರೊಂದು ಕರೆಂಟಿಗೆ ಅಡ್ಡ ಕೂತಿತ್ತು. ಲಗ್ನಪತ್ರಿಕೆಯ ಮೂಲೆ, ಅರಿಶಿನ ಇನ್ನೂ ಹಾಗೇ ಇತ್ತು. ಅವನು ನಗುತ್ತಾ ಮಗಳತ್ತ ತಿರುಗಿದ.

ನಂಜರಾಜಯ್ಯ ಅವನ ಭುಜ ಅದುಮಿ ಕಿವಿಯಲ್ಲಿ ಹೇಳಿದರು: "ಅದು ಅಲ್ಲೇ ಇರ್ಲಿ. ಕಾಯಿಲ್ ಸುಟ್ಟೋಗಿದೆ ಅಂತ ಜೋರಾಗಿ ಹೇಳು."