ಇಪ್ಪತ್ತು ಕುರ್ಚಿ

"ಈ ಸ್ಕೀಮು ಕೂತು ತಿನ್ನೋ ಹೋಟೆಲಿಗೆ ಮಾತ್ರಮ್ಮ. ಇಪ್ಪತ್ತು ಕುರ್ಚಿನಾದ್ರೂ ಇರ್ಬೇಕು," ಎಂದು ಸಾಹೇಬರು ವನಜಾಕ್ಷಿಯ ಅರ್ಜಿಯನ್ನು ವಾಪಸು ಕೊಟ್ಟಿದ್ದರು. ಅವಳದು ನಿಂತು ತಿನ್ನುವ ಹೋಟೆಲು. ಎದುರಿನ ಫಣೀಂದ್ರನಿಗೆ ಸ್ಕೀಮು ಸಿಕ್ಕಿತು. ಸರ್ಕಾರದ ರಿಯಾಯಿತಿಯಲ್ಲಿ ಅವನ ದೋಸೆ ಅರ್ಧ ಬೆಲೆಗಿಳಿದದ್ದೇ ತಡ, ಇವಳ ಗಿರಾಕಿಗಳೆಲ್ಲ ರಸ್ತೆ ದಾಟಿದರು. ದಾಟಿದವರು ಅಲ್ಲೂ ನಿಂತೇ ತಿನ್ನುತ್ತಿದ್ದರು! ಅದನ್ನು ನೋಡಿ ನೋಡಿ ಅವಳ ಹೊಟ್ಟೆ ಉರಿಯುತ್ತಿತ್ತು.

ಗುಟ್ಟು ಬಿಟ್ಟುಕೊಟ್ಟವನು ಖಲೀಲ. ಊರಿಗೆಲ್ಲ ಇದ್ದದ್ದು ಅವನದೊಂದೇ ಶಾಮಿಯಾನದ ಅಂಗಡಿ.

"ತಪಾಸಣೆ ದಿನ ಫಣೀಂದ್ರ ಅವರು ಹಾಕಿದ್ದು ನಮ್ಮ ಬಾಡಿಗೆ ಕುರ್ಚಿ ಅಕ್ಕಾ. ಗುರುವಾರ ಮತ್ತೆ ತಪಾಸಣೆ ಇದೆಯಂತೆ. ಬೆಳಿಗ್ಗೆ ಬಂದು ತಗೊಂಡ್ಹೋಗ್ತೀನಿ ಅಂದಿದಾರೆ. ನೀವು ಸಾಹೇಬರಿಗೆ ಹೇಳ್ಬಿಡಿ."

"ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ ಕಣೋ," ಎಂದಳು ವನಜಾಕ್ಷಿ, ಹಲ್ಲು ಕಚ್ಚಿಕೊಂಡು. "ಅವರ ಕಣ್ಣಿಗೇ ಕಾಣ್ಬೇಕು."

ಗುರುವಾರ ಬೆಳಿಗ್ಗೆ ಸಾಹೇಬರ ಜೀಪು ಬಂದು ನಿಂತಾಗ ಫಣೀಂದ್ರ ತನ್ನ ಹೋಟೆಲಿನ ಬಾಗಿಲಲ್ಲಿ ಫೋನು ಹಿಡಿದು ಕಿರುಚುತ್ತಿದ್ದ.

"ಒಂದೂ ಇಲ್ಲ ಅಂದ್ರೆ ಏನೋ ಖಲೀಲ? ಅಷ್ಟೂ ಕುರ್ಚಿ ಯಾವ ಮದುವೆಗೆ ಹೋದ್ವೋ?"

ರಸ್ತೆಯ ಈಚೆ, ತನ್ನ ಹೋಟೆಲಿನ ತುಂಬ ಹಾಕಿಸಿ ಫುಟ್‌ಪಾತಿಗೂ ಇಳಿಸಿದ್ದ ಕುರ್ಚಿಗಳಲ್ಲಿ ಒಂದನ್ನು ವನಜಾಕ್ಷಿ ಸೆರಗಿನಿಂದ ಒರೆಸಿ, ಎದುರು ಹೋಟೆಲಿಗೆ ಮುಖ ಮಾಡಿ ಇಟ್ಟಳು.

"ಬನ್ನಿ ಸಾರ್, ಇಲ್ಲಿ ಕೂತ್ಕೊಂಡೇ ಅವರ ಹೋಟೆಲ್ ತಪಾಸಣೆ ಮಾಡಿ."