ಅತ್ತೆಗೊಂದು ನಂಬರ್, ಸೊಸೆಗೊಂದು ನಂಬರ್

"ಅತ್ತೆ, ಮತ್ತೆ ಹೋಯ್ತು!" ಅಂತ ಸೊಸೆ ತನ್ನ ಕೋಣೆಯಿಂದ ಕೂಗಿದಳು.

"ನಂದು ಈಗ ತಾನೇ ಬಂತು ಕಣೇ," ಅಂತ ಪಕ್ಕದ ಕೋಣೆಯಿಂದ ಅತ್ತೆಯ ದನಿ ಬಂತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವ ಗಾದೆ ಈ ಮನೆಯಲ್ಲಿ ಒಂದು ವಾರದಿಂದ ಐದೈದು ನಿಮಿಷಕ್ಕೊಮ್ಮೆ ನಿಜವಾಗುತ್ತಿತ್ತು. ಇವಳ ಕಂಪ್ಯೂಟರಿಗೆ ಇಂಟರ್ನೆಟ್ ಬಂದರೆ ಅವರದಕ್ಕಿಲ್ಲ, ಅವರದಕ್ಕೆ ಬಂದರೆ ಇವಳದಕ್ಕಿಲ್ಲ. ಸೊಸೆ ಎಲ್ಲವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ ಅಂತ ಅತ್ತೆಗೆ ಗುಮಾನಿ. ಅತ್ತೆ ಮಾಡುವ ಆನ್‌ಲೈನ್ ಪಾಠವೇ ಎಲ್ಲವನ್ನೂ ನುಂಗುತ್ತದೆ ಅಂತ ಸೊಸೆಗೆ. ಇಷ್ಟು ದಿನ ಹೇಗೋ ನಡೆದಿತ್ತು, ಇವತ್ತು ನಡೆಯುವಂತಿರಲಿಲ್ಲ. ಹತ್ತು ಗಂಟೆಗೆ ಸೊಸೆಗೆ ಕಂಪ್ಯೂಟರಿನಲ್ಲೇ ಕೆಲಸದ ಸಂದರ್ಶನ. ಮಗು ಹುಟ್ಟಿದಾಗ ಕೆಲಸ ಬಿಟ್ಟವಳು. ಐದು ವರ್ಷದಲ್ಲಿ ಅವಳು ಕಳಿಸಿದ ಅಷ್ಟೂ ಅರ್ಜಿಗಳಲ್ಲಿ ಕರೆ ಬಂದದ್ದು ಇದೊಂದಕ್ಕೇ. ಅದೇ ಹತ್ತು ಗಂಟೆಗೆ ಅತ್ತೆಯ ಪಾಠ. ಗಣಿತದಲ್ಲಿ ಡುಮ್ಕಿ ಹೊಡೆದು ಮತ್ತೆ ಪರೀಕ್ಷೆಗೆ ಕೂರುವ ಒಂಬತ್ತು ಶಿಷ್ಯರು ತಂತಮ್ಮ ಮನೆಗಳಲ್ಲಿ ಕಾದು ಕೂತಿರುತ್ತಿದ್ದರು.

ಒಂಬತ್ತು ಗಂಟೆಗೆ ಸೊಸೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಊಟದ ಮೇಜಿನ ಮೇಲಿಟ್ಟಳು. ಅತ್ತೆಯೂ ತಮ್ಮ ಕಂಪ್ಯೂಟರ್ ಎತ್ತಿಕೊಂಡು ಬಂದು ಎದುರಿಗೆ ಕೂತರು. ಫೋನಿನಲ್ಲಿದ್ದ ಹುಡುಗಿ ಸಾವಧಾನವಾಗಿ ದಾರಿ ಹೇಳಿದಳು: ಸೆಟ್ಟಿಂಗ್ಸ್ ತೆಗೆಯಿರಿ, ಅಲ್ಲಿ ನೆಟ್‌ವರ್ಕ್, ಅದರೊಳಗೆ ಅಡ್ರೆಸ್ ಅಂತ ಒಂದು ಸಾಲು.

"ಕೊನೇ ನಂಬರ್ ಓದಿ ಮೇಡಂ."

"ಐವತ್ತು," ಅಂದಳು ಸೊಸೆ.

"ಐವತ್ತು," ಅಂದರು ಅತ್ತೆ.

ಫೋನಿನ ಹುಡುಗಿ ನಕ್ಕಳು. "ಒಂದೇ ಬೀದೀಲಿ ಎರಡು ಮನೆಗೆ ಒಂದೇ ನಂಬರ್ ಇದ್ರೆ ಪೋಸ್ಟ್‌ಮ್ಯಾನ್ ಪಾಡೇನು? ಯಾರು ಹಾಕಿದ್ದು ಇದನ್ನ?"

ಯಾರು ಅಂತ ಇಬ್ಬರಿಗೂ ಗೊತ್ತಿತ್ತು. ಅಲ್ಪವಿದ್ಯಾ ಮಹಾಗರ್ವಿ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಹೋದ ವಾರ ಪ್ರಿಂಟರ್ ಸರಿಮಾಡುತ್ತೇನೆ ಅಂತ ಕೂತ ಮಗರಾಯ, ಅಮ್ಮನಿಗೆ ಹಾಕಿದ ನಂಬರನ್ನೇ ಹೆಂಡತಿಗೂ ಹಾಕಿ ಎದ್ದಿದ್ದ. ಒಬ್ಬರಿಗೊಂದು ಒಬ್ಬರಿಗೊಂದು ಮಾಡಿದರೆ ಮಾತು ಕೇಳಬೇಕಾಗುತ್ತದೆ ಅಂತ, ಮದುವೆಯಾದಾಗಿನಿಂದ ಚಪ್ಪಲಿಯಿಂದ ಹಿಡಿದು ಛತ್ರಿಯವರೆಗೆ ಇಬ್ಬರಿಗೂ ಒಂದೇ ಥರದ್ದು ತರುವ ಆಸಾಮಿ ಅವನು.

"ಇಬ್ಬರಲ್ಲಿ ಯಾರಾದ್ರೂ ಒಬ್ರು ಆ ನಂಬರ್ ಬದಲಾಯಿಸಿ ಸೇವ್ ಮಾಡಿ, ಮುಗೀತು," ಅಂತ ಹುಡುಗಿ ಫೋನ್ ಇಟ್ಟಳು. ಮುಗಿಯಲಿಲ್ಲ, ಅಲ್ಲಿಂದಲೇ ಶುರುವಾಯಿತು.

"ನೀನೇ ಬದಲಾಯಿಸು. ಈ ಮನೆಗೆ ಮೊದಲು ಬಂದೋಳು ನಾನು," ಅಂದರು ಅತ್ತೆ.

"ಇಂಟರ್ವ್ಯೂಗೆ ಇನ್ನು ಮುಕ್ಕಾಲು ಗಂಟೆ ಇದೆ. ಈಗ ಕೈ ಹಾಕಿ ಪೂರ್ತಿ ಕೆಟ್ಟುಹೋದ್ರೆ? ನೀವೇ ಬದಲಾಯಿಸಿ ಅತ್ತೆ."

"ನಂದು ಕೆಟ್ರೆ ಆ ಒಂಬತ್ತು ಮಕ್ಕಳ ಗತಿ?"

"ಹೇಗೂ ಫೇಲಾದೋರು. ಒಂದು ದಿನ ಪಾಠ ಇಲ್ದಿದ್ರೆ ಏನೂ ಮುಳುಗಿಹೋಗಲ್ಲ ಬಿಡಿ."

ಆ ಮಾತು ಬೇಕಿರಲಿಲ್ಲ. ಅತ್ತೆ ಕಂಪ್ಯೂಟರ್ ಮಡಚಿ ಬಗಲಿಗಿಟ್ಟುಕೊಂಡು ಎದ್ದರು. ಎರಡು ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು.

ಸೊಸೆಯ ಕೋಪ ಹತ್ತು ನಿಮಿಷವೂ ನಿಲ್ಲಲಿಲ್ಲ. ಈ ಸಂದರ್ಶನಕ್ಕೆ ಅವಳು ಓದುತ್ತಿದ್ದ ಮೂರು ವಾರ ಮಗುವಿಗೆ ಉಣಿಸಿ, ಕತೆ ಹೇಳಿ ಮಲಗಿಸಿದವರು ಅತ್ತೆಯೇ. ಇವತ್ತು ಬೆಳಿಗ್ಗೆ ಅದರ ಕಾಲಿಗೆ ಷೂ ತೊಡಿಸಿ ಶಾಲೆಗೆ ಬಿಟ್ಟು ಬಂದವರೂ ಅವರೇ. ತನ್ನ ನಾಲಿಗೆಯ ಬಗ್ಗೆ ಅವಳಿಗೇ ನಾಚಿಕೆಯಾಯಿತು. ಆದದ್ದಾಗಲಿ ಅಂತ ಸೆಟ್ಟಿಂಗ್ಸ್ ತೆಗೆದು, ಐವತ್ತನ್ನು ಅಳಿಸಿ ಐವತ್ತೊಂದು ಅಂತ ಬರೆದು, ಉಸಿರು ಬಿಗಿಹಿಡಿದು ಸೇವ್ ಒತ್ತಿದಳು. ಏನೂ ಕೆಡಲಿಲ್ಲ. ಇಂಟರ್ನೆಟ್ ಬಂದು ನಿಂತೇಬಿಟ್ಟಿತು. ಇಷ್ಟಕ್ಕೇ ಇಷ್ಟು ರಾದ್ಧಾಂತವೇ ಅಂತ ನಕ್ಕು, ತಲೆ ಬಾಚಿ, ಕಾಗದಗಳನ್ನು ಜೋಡಿಸಿಕೊಂಡು ಕೂತಳು. ಹತ್ತಕ್ಕೆ ಐದು ನಿಮಿಷ ಇದೆ ಅನ್ನುವಾಗ ಇಂಟರ್ನೆಟ್ ಹೋಯಿತು.

ಬಾಗಿಲು ತೆರೆದು ಓಡಿ ಬಂದರೆ ಎದುರಿಗೇ ಅತ್ತೆ, ಕನ್ನಡಕ ಹಣೆಗೇರಿಸಿಕೊಂಡು ನಿಂತಿದ್ದರು.

"ಯಾಕೇ, ನಿಂದೂ ಬರ್ತಿಲ್ವಾ? ನಿನಗೆ ಅಡ್ಡಿಯಾಗಬಾರದು ಅಂತ ಈಗ ತಾನೇ ನನ್ನ ನಂಬರ್ ಬದಲಾಯಿಸಿದೆನಲ್ಲ!"

"ಅಯ್ಯೋ ಅತ್ತೆ, ನಾನು ಆಗಲೇ ಬದಲಾಯಿಸಿದ್ದೆ!"

"ಎಷ್ಟಕ್ಕೆ?"

"ಐವತ್ತೊಂದಕ್ಕೆ."

ಅತ್ತೆ ಗೋಡೆ ಹಿಡಿದುಕೊಂಡು ನಕ್ಕರು. "ನಂದೂ ಅದೇ ಕಣೇ!"

"ತಡೀರಿ, ನಾನು ಐವತ್ತೆರಡು ಮಾಡ್ಕೋತೀನಿ," ಅಂತ ಸೊಸೆ ತಿರುಗಿದಳು. ಅತ್ತೆ ಅವಳ ರಟ್ಟೆ ಹಿಡಿದು ನಿಲ್ಲಿಸಿದರು.

"ಸುಮ್ನೆ ಹೋಗಿ ಕೂತ್ಕೋ. ನೀನು ಏನನ್ನೂ ಮುಟ್ಟಬೇಡ. ಈ ಸಲ ಸರಿಯೋದು ನಾನೊಬ್ಬಳೇ."

ಹತ್ತು ಗಂಟೆಗೆ ಸರಿಯಾಗಿ ಪರದೆಯ ಮೇಲೆ ಟೈ ಕಟ್ಟಿದ ಮೂವರು ಮೂಡಿದರು. ಸೊಸೆ ಬೆನ್ನು ನೆಟ್ಟಗೆ ಮಾಡಿ ನಮಸ್ಕಾರ ಹೇಳಿದಳು. ಅಷ್ಟರಲ್ಲಿ ಗೋಡೆಯಾಚೆಯಿಂದ ಅತ್ತೆಯ ಪಾಠದ ದನಿ ಕೇಳಿಸಿತು. "ಸಮೀಕರಣದ ಎರಡೂ ಕಡೆಗೆ ಒಂದೊಂದು ಕೂಡಿಸಿದ್ರೆ ಏನಾಗುತ್ತೆ, ಹೇಳ್ರೋ?"

ಡುಮ್ಕಿ ಹೊಡೆದ ಒಂಬತ್ತೂ ಗಂಟಲುಗಳು ಒಟ್ಟಿಗೆ ಕೂಗಿದವು: "ಏನೂ ಬದಲಾಗಲ್ಲ ಮೇಡಂ!"