ಬಿಸಿಲು ಯಾವ ಕಡೆಯಿಂದ

ಮೂರನೆಯ ಪ್ರಶ್ನೆಗೆ ಆ ಮನುಷ್ಯ ಸಿಕ್ಕಿಬಿದ್ದ.

ಮೊದಲೆರಡಕ್ಕೆ ತಡವರಿಸದೆ ಉತ್ತರ ಕೊಟ್ಟಿದ್ದ. ಗುಡ್ಡದ ಮೇಲೆ ಎಷ್ಟು ದಿನ ಇದ್ದಿರಿ? ಹದಿಮೂರು ದಿನ. ಊಟಕ್ಕೆ ಏನಿತ್ತು? ಕೂಲಿಯವರು ಬೆನ್ನಮೇಲೆ ಹೊತ್ತು ತರುತ್ತಿದ್ದ ಅನ್ನದ ಉಂಡೆ, ಅದೂ ಹಳಸಿದ್ದು. ಎರಡೂ ಸರಿ. ಎರಡೂ ಪುಸ್ತಕದಲ್ಲಿ ಸಿಗುವ ಮಾತು.

“ಬೆಳಗಾಗೋ ಹೊತ್ತು. ಕಂದಕದಲ್ಲಿ ಕೂತಿದೀರಿ, ಶತ್ರು ಎದುರಿಗೆ,” ಎಂದು ತಾಕ್ ಇನ್ಹ್ವಾನ್ ಕೇಳಿದ. “ಬಿಸಿಲು ಯಾವ ಕಡೆಯಿಂದ ಬೀಳ್ತಿತ್ತು?”

“ಎಡಗಡೆಯಿಂದ,” ಎಂದ ಬಾನ್ ಸೊಕ್ಜು. ತಾನಾಗಿ ಅವನ ಕೈ ಎಡಗೆನ್ನೆಗೆ ಹೋಯಿತು. “ಈ ಕೆನ್ನೆ ಸುಟ್ಟು ಹೋಗ್ತಿತ್ತು.”

ತಾಕ್ ಕೈಯಲ್ಲಿದ್ದ ಮುದ್ರೆಯನ್ನು ಮೇಜಿನ ಮೇಲೆ ಇಟ್ಟ.

ಮೀನಿನಂಗಡಿಯ ಮೇಲಿನ ಆ ಕೋಣೆ ಮಾಜಿ ಸೈನಿಕರ ಸಂಘ. ಹನ್ನೆರಡು ಮಂದಿ ಸದಸ್ಯರ ಹನ್ನೆರಡು ಕುರ್ಚಿ, ಹನ್ನೊಂದಕ್ಕೆ ಈಗ ಒಡೆಯರಿಲ್ಲ. ಅಧ್ಯಕ್ಷ, ಗುಮಾಸ್ತ, ಕಸ ಗುಡಿಸುವವ, ಎಲ್ಲ ತಾಕ್ ಒಬ್ಬನೇ. ಕುರ್ಚಿಗಳು ತುಂಬಿದ್ದ ಕಾಲದಲ್ಲೂ ಯುದ್ಧದ ಮಾತು ಬರುತ್ತಿದ್ದುದು ವರ್ಷಕ್ಕೊಮ್ಮೆ, ಸೋಜು ಹೆಂಡ ತಲೆಗೇರಿದಾಗ. ಒಬ್ಬ ಶುರು ಮಾಡಿದರೆ ಉಳಿದವರು ತಲೆ ತಗ್ಗಿಸಿ ಕೇಳುವರು. ತಾಕ್ ಬಟ್ಟಲಿಗೆ ಸುರಿಯುತ್ತ ಕೂರುವನು.

“ನೀನೂ ಒಂದು ಹೇಳೋ,” ಎನ್ನುವರು ಗೆಳೆಯರು.

“ನೀವು ಹೇಳಿದ್ರಲ್ಲ, ಅಷ್ಟೇ.”

“ನಮಗೆಲ್ಲ ಕೈಗೋ ಕಾಲಿಗೋ ಗುಂಡು ಬಿತ್ತು. ಇವನಿಗೆ ನಾಲಿಗೆಗೇ ಬಿದ್ದಿದೆ,” ಎಂದು ನಗುವರು. ಅಷ್ಟು ಗಮನವಿಟ್ಟು ಕೇಳುವವನ ಮೇಲೆ ಅವರಿಗೆ ಪ್ರೀತಿಯೂ ಇತ್ತು. ಆ ಹನ್ನೊಂದು ಮಂದಿಯನ್ನೂ ತಾಕ್ ಒಬ್ಬೊಬ್ಬರಾಗಿ ಸೈನಿಕರ ಸ್ಮಶಾನಕ್ಕೆ ಕಳಿಸಿ ಬಂದಿದ್ದ.

ಐವತ್ತನೇ ಇಸವಿಯ ಆ ಬೇಸಿಗೆಯಲ್ಲಿ, ಉತ್ತರದವರು ದಕ್ಷಿಣದ ಮೇಲೆ ನುಗ್ಗಿದಾಗ, ದಕ್ಷಿಣದ ಸೈನ್ಯದ ಪಟ್ಟಿಗಳು ಎಷ್ಟೋ ಸುಟ್ಟುಹೋದವು. ಹೆಸರು ಸಿಗದವನ ಪರವಾಗಿ ಜೊತೆಗಿದ್ದವನು ಸಾಕ್ಷಿ ಹೇಳಿ ಅರ್ಜಿಗೆ ಮುದ್ರೆ ಒತ್ತಿದರೆ ಮಾತ್ರ ಅವನು ಮಾಜಿ ಸೈನಿಕ. ತಾಕ್‌ನನ್ನೂ ಇಬ್ಬರು ಗೆಳೆಯರು ಹಾಗೆಯೇ ಸೇರಿಸಿಕೊಂಡಿದ್ದರು. ಮುದ್ರೆ ಅವನ ಕೈಗೆ ಬಂದು ಒಂಬತ್ತು ವರ್ಷ. ಸುತ್ತಲ ಹಳ್ಳಿಗಳಿಂದ ಹದಿನಾಲ್ಕು ಮಂದಿ ಬಂದು ಹೋಗಿದ್ದರು. ಮೂರನೆಯ ಪ್ರಶ್ನೆ ತಾಕ್‌ನದೇ. ಅವನಿಗಿಂತ ಮುಂಚೆ ಯಾರೂ ಅದನ್ನು ಕೇಳಿದವರಲ್ಲ. ಹದಿನಾಲ್ಕೂ ಜನ “ಬಲಗಡೆ” ಎಂದಿದ್ದರು. ಮುದ್ರೆ ಒತ್ತಿ, ಅವರು ಮೆಟ್ಟಿಲಿಳಿದ ಮೇಲೆ ತಾಕ್ ಬಹಳ ಹೊತ್ತು ಬಾಗಿಲು ನೋಡುತ್ತ ಕೂತಿರುತ್ತಿದ್ದ.

ದಕ್ಷಿಣದವರು ಗುಡ್ಡದ ಮೇಲಿದ್ದರು, ಉತ್ತರಕ್ಕೆ ಮುಖಮಾಡಿ. ಎದುರಿಗೆ ನಕ್ದೊಂಗ್ ನದಿ. ಅವರಿಗೆ ಸೂರ್ಯ ಹುಟ್ಟುವುದು ಬಲಗಡೆ. ಎಡಗೆನ್ನೆ ಸುಟ್ಟುಕೊಂಡವನು ಆ ನದಿ ದಾಟಿ ಬಂದು ಕೆಳಗಿನಿಂದ ಗುಡ್ಡ ಹತ್ತಿದವನು. ಉತ್ತರದ ಸೈನ್ಯದವನು.

ತಾಕ್ ಎದ್ದು ಬಾಗಿಲು ಹಾಕಿದ. ಚಿಲಕವನ್ನೂ ಹಾಕಿದ.

“ಮೇಲೆ ಕೂತವರು ಯಾರೂ ಎಡಗಡೆ ಅನ್ನೋದಿಲ್ಲ,” ಎಂದ.

ಬಾನ್ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಕೆಳಗೆ ಮೀನಿನವಳು ಗಿರಾಕಿಯ ಜೊತೆ ಜಗಳ ಕಾಯುತ್ತಿದ್ದಳು.

“ನಾನು ದಕ್ಷಿಣದವನೇ,” ಎಂದ ಕೊನೆಗೆ. “ಉತ್ತರದವರು ನಮ್ಮೂರು ಹಿಡಿದಾಗ ಶಾಲೆ ಅಂಗಳದಲ್ಲಿ ಹುಡುಗರನ್ನ ಸಾಲಾಗಿ ನಿಲ್ಲಿಸಿದ್ರು. ಹಾಗೇ ನಡೆಸ್ಕೊಂಡು ಹೋದ್ರು. ಅಮ್ಮ ಮಧ್ಯಾಹ್ನದ ಊಟಕ್ಕೆ ಕಾಯ್ತಿದ್ಲು. ಗುಡ್ಡ ಹತ್ತುವಾಗ ನನ್ನ ಪಕ್ಕದವನು ಬಿದ್ದ, ನಮ್ಮೂರ ಕಮ್ಮಾರನ ಮಗ. ‘ಅಮ್ಮಾ’ ಅಂದ. ಮೇಲಿಂದಲೂ ಯಾರೋ ‘ಅಮ್ಮಾ’ ಅಂದ್ರು. ಒಂದೇ ಮಾತು, ಒಂದೇ ದನಿ. ಯಾರು ಯಾರ ಕಡೆಯೋ ತಿಳೀಲಿಲ್ಲ. ಆಮೇಲೆ ತಪ್ಪಿಸ್ಕೊಂಡು ಓಡಿಬಂದೆ.”

“ಯಾರಿಗಾದ್ರೂ ಹೇಳಿದೀರಾ?”

“ಹೇಳಿದ್ರೆ ಮಕ್ಕಳಿಗೆ ಕೆಲಸ ಸಿಕ್ತಿತ್ತಾ? ಹೆಂಡತಿಗೂ ಇಲ್ಲ. ಗುಡ್ಡ ಕಾದವನು ಅಂತ ಮದುವೆ ಮುಂಚೆ ಒಂದು ಸುಳ್ಳು ಹೇಳಿದ್ದೆ. ಅವಳು ಊರಿಗೆಲ್ಲ ಹೇಳ್ಕೊಂಡು ಬಂದಳು. ಈಗ ಹಾಸಿಗೆ ಹಿಡಿದಿದಾಳೆ. ಸೈನಿಕರ ಸ್ಮಶಾನದಲ್ಲಿ ಇಬ್ಬರಿಗೂ ಒಟ್ಟಿಗೆ ಜಾಗ ಸಿಗುತ್ತಂತಲ್ಲ, ಅರ್ಜಿ ಹಾಕಿ ಅಂತ ದಿನಾ ಕೇಳ್ತಾಳೆ.”

ಅವನು ಅರ್ಜಿಯನ್ನು ಎಳೆದುಕೊಂಡು ನಾಲ್ಕು ಮಡಿಕೆ ಮಡಿಸಿ ಎದ್ದ.

“ಮುದ್ರೆ ಬೇಡ ಬಿಡಿ. ಅಲ್ಲಿ ಮಲಗಿರೋರ ಮಧ್ಯೆ ನನಗೂ ನಿದ್ದೆ ಬರಲ್ಲ. ಹೋಗಿ ಅವಳಿಗೆ ಇದ್ದದ್ದು ಹೇಳ್ತೀನಿ. ನೀವು ಯಾರಿಗೆ ಹೇಳಬೇಕೋ ಹೇಳಿ.”

“ಯಾವ ವರ್ಷ ಹುಟ್ಟಿದ್ದು?” ಎಂದ ತಾಕ್.

“ಕೋತಿ ವರ್ಷ,” ಎಂದ ಬಾನ್, ಪ್ರಾಣಿಗಳ ಹೆಸರಿನ ಹಳೆಯ ಪಂಚಾಂಗದ ಲೆಕ್ಕದಲ್ಲಿ.

“ನಾನು ಕುದುರೆ ವರ್ಷದವನು. ಎರಡು ವರ್ಷಕ್ಕೆ ದೊಡ್ಡವನು. ಅಣ್ಣ ಅನ್ನು, ಕೂತ್ಕೋ.”

ಬಾನ್ ಬಾಗಿಲಿನ ಚಿಲಕ ನೋಡಿದ. ಆಮೇಲೆ ಕೂತ.

“ಹೆಂಡತಿಗೆ ಹೇಳು. ಇವತ್ತೇ ಹೇಳು,” ಎಂದ ತಾಕ್. “ನನ್ನವಳು ಹೋಗಿ ಆರು ವರ್ಷ. ನನ್ನಿಂದ ಏನೂ ಕೇಳಿಸ್ಕೊಳ್ಳದೇನೇ ಹೋದ್ಲು.”

ಅವನು ಎರಡು ಲೋಟಕ್ಕೆ ಬಾರ್ಲಿ ಚಹಾ ಸುರಿದ. ಖಾಲಿ ಕುರ್ಚಿಯೊಂದನ್ನು ಎಳೆದು, ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಹತ್ತಿರ ಕೂತ.

“ನದಿಗೆ ಇಳಿಸೋ ಮುಂಚೆ ನಿಮ್ಮ ಗುಂಪಿಗೆ ಎಷ್ಟು ಬಂದೂಕು ಕೊಟ್ರು?” ಎಂದು ಕೇಳಿದ. “ನಮ್ಮನ್ನ ಅದೇ ನದಿಗೆ ಇಳಿಸೋವಾಗ ಮೂವರಿಗೆ ಒಂದು.”